ಬ್ಯಾಂಡ್ ಮಾಸ್ಟರಿಗೆ ಬಿದ್ದ ಸೆಲ್ಯೂಟ್

ಮಗಳ ಮದುವೆಗೆ ಕರ್ನಲ್ ಸಾಹೇಬರು ಬರುತ್ತೇನೆಂದಿದ್ದರು. ಹಾಗಾಗಿ ನಿವೃತ್ತ ಹವಾಲ್ದಾರ್ ಮುನೀಂದ್ರ ಕರೀ ಕೋಟಿನ ಎಡ ಎದೆಗೆ ತನ್ನ ಪದಕಗಳನ್ನು ಸಿಕ್ಕಿಸಿಕೊಂಡು ಬಂಗಾರಪೇಟೆಯ ಛತ್ರದ ಬಾಗಿಲಲ್ಲಿ ಕಾವಲು ನಿಂತಿದ್ದ. ಆಟೋವೊಂದು ಬಂದು ನಿಂತಿತು. ಮೊದಲು ಬಂಗಾರದಂಚಿನ ಟೋಪಿ ಇಳಿಯಿತು, ಹಿಂದೆಯೇ ಕುಚ್ಚಿನ ಭುಜಪಟ್ಟಿ, ಎದೆತುಂಬ ಪದಕ. ಕರ್ನಲ್ ಸಾಹೇಬರು ಆಟೋದಲ್ಲೇಕೆ ಬಂದರೆಂದು ತಲೆ ಕೇಳುವಷ್ಟರಲ್ಲಿ ಹಿಮ್ಮಡಿ ಟಪ್ಪೆಂದು ಕೂಡಿ, ಕೈ ಹಣೆಗೇರಿಬಿಟ್ಟಿತ್ತು. ಬಂದವನೂ ಅಷ್ಟೇ ಗಂಭೀರವಾಗಿ ಸೆಲ್ಯೂಟ್ ಹಿಂತಿರುಗಿಸಿದ. ಆಮೇಲೆ ಬಗ್ಗಿ ಆಟೋದೊಳಗಿಂದ ಕ್ಲಾರಿಯೊನೆಟ್ ಎಳೆದುಕೊಂಡ.

"ನಿಮ್ ಕರ್ನಲ್ಲು ವಾಲಗಾನೂ ಊದ್ತಾರೇನ್ರೀ?" ಎಂದಳು ಹೆಂಡತಿ ರಾಧಾಮಣಿ. ಮೊದಲೇ ಬಂದಿದ್ದ ಬೀಗರ ಕಡೆಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು.

ಆತ ಉರಿಗಾಂನ ಬ್ಯಾಂಡ್ ಮಾಸ್ಟರ್ ಏಳುಮಲೈ. ಅಪ್ಪ ನಂದಿದುರ್ಗ ಗಣಿಗಿಳಿದು ಅಗೆದ ಚಿನ್ನವೆಲ್ಲ ಯಾರದೋ ಪಾಲಾಯಿತು. ಮಗನ ಪಾಲಿಗೆ ಉಳಿದದ್ದು ಮೈಮೇಲಿನ ಜರಿ. ಗಣಿ ಮುಚ್ಚಿದರೂ ಜನ ಮದುವೆಯಾಗುವುದನ್ನು ಬಿಡಲಿಲ್ಲವಾಗಿ ಅವನ ಜೀವನ ನಡೆದಿತ್ತು. ಯಾವ ದೇಶದ ಸೈನ್ಯವೂ ಒಪ್ಪದ ಸಮವಸ್ತ್ರ ತೊಟ್ಟು, ಸೀಮೆಯ ಅರ್ಧ ಗಂಡುಗಳನ್ನು ಮಂಟಪ ಮುಟ್ಟಿಸಿದ್ದ.

ಮುನೀಂದ್ರನಿಗೋ, ಹೋದ ಮಾನವನ್ನು ಬೀಗರೆದುರೇ ವಾಪಸು ತರಬೇಕಿತ್ತು. ರೂಲ್ಸು ಹಿಡಿದ.

"ಏನ್ಲಾ ಇದು, ಬಲಗಡೇನೂ ಮೆಡಲ್ಲು! ಸತ್ತೋರ್ದನ್ನ ಮನೆಯೋರು ಆಕ್ಕೊಳೋ ಜಾಗ ಕಣ್ಲಾ ಅದು. ಯಾರ್ಲಾ ಸತ್ತವ್ರೆ?"

"ಎಡಗಡೆ ಜಾಗ ಸಾಲ್ಲಿಲ್ಲ ಸಾರ್."

"ಎಲ್ಡು ಭುಜಕ್ಕೂ ಜರಿ ಉರಿ ಯಾವನಿಗೈತೆ? ಬಿಚ್ಚು! ಕೈಗವಸು ಎಲ್ಲಿ? ಪೆರೇಡಂದ್ರೆ ಬಿಳೀ ಕೈಗವಸು ಇರ್ಬೇಕು!"

ಏಳುಮಲೈ ಪದಕ ಬಿಚ್ಚಿದ, ಜರಿಯ ಹುರಿ ಬಿಚ್ಚಿದ. ಕೈಗವಸು ಮಾತ್ರ ಇರಲಿಲ್ಲ. ಹವಾಲ್ದಾರ್ ಬಿಟ್ಟಾನೆಯೇ? ಊಟ ಬಡಿಸುವವರ ಪ್ಲಾಸ್ಟಿಕ್ ಕೈಗವಸುಗಳನ್ನೇ ತರಿಸಿ, ಹಿಂದೆಯೇ ಬಂದಿಳಿದಿದ್ದ ಇಡೀ ಬ್ಯಾಂಡಿಗೆ ತೊಡಿಸಿದ.

ಗಂಡಿನ ಕಾರು ಬಂತು. ಕ್ಲಾರಿಯೊನೆಟ್ಟಿನ ತೂತುಗಳ ಮೇಲೆ ಪ್ಲಾಸ್ಟಿಕ್ ಜಾರಿತು. ಹೊರಟ ದನಿ ಕರು ಹಾಕಲಾರದೆ ನರಳುವ ಹಸುವಿನದು. ಡೈರಿಗೆ ಹಾಲು ಹಾಕುವ ಮುನೀಂದ್ರನಿಗೆ ಅದರ ಪರಿಚಯ ಚೆನ್ನಾಗಿಯೇ ಇತ್ತು.

ಬೀಗರು ಆದಿನಾರಾಯಣಪ್ಪ ಕಾರಿನ ಗಾಜಷ್ಟೇ ಇಳಿಸಿದರು. "ಏನ್ ಅವಾಲ್ದಾರ್ರೇ, ಗಂಡನ್ನ ಇಂಗಾ ಕರ್ಕೊಳೋದು? ಇಳೀಬೇಕೋ, ಇಂಗೇ ವಾಪಸ್ ಓಗ್ಬೇಕೋ?"

ಮುನೀಂದ್ರ ಓಡಿದ. ತಾನೇ ಕೈಗವಸು ಕಿತ್ತ, ಹುರಿ ನೇತುಹಾಕಿದ, ಪದಕಗಳನ್ನೆಲ್ಲ ಮತ್ತೆ ಚುಚ್ಚಿದ. ಬಲಗಡೆಗೂ. ಬ್ಯಾಂಡು ಮೊಳಗಿತು, ಕಾರಿನ ಬಾಗಿಲು ತೆರೆಯಿತು. ಬೀಗರು ಇಳಿದು ಎರಡು ಹೆಜ್ಜೆ ಕುಣಿದೂಬಿಟ್ಟರು.

ಕರ್ನಲ್ ಸಾಹೇಬರು ಬರಲೇ ಇಲ್ಲ. ಊಟದ ಪಂಕ್ತಿಯಲ್ಲಿ ಮುನೀಂದ್ರ ಏಳುಮಲೈಯ ಪಕ್ಕ ಬಂದು ಕೂತ. ದನಿ ತಗ್ಗಿಸಿ ಕೇಳಿದ: "ಅಲ್ಲ ಕಣಯ್ಯಾ, ನಾನು ಸೆಲ್ಯೂಟ್ ಒಡೆದ್ರೆ, ಬ್ಯಾಂಡಿನೋನು ಅಂತ ಯೋಳೋದು ಬಿಟ್ಟು ನೀನ್ಯಾಕೆ ವಾಪಸ್ ಒಡೆದೆ?"

ಏಳುಮಲೈ ಅವನ ಕೋಟನ್ನೊಮ್ಮೆ, ಪದಕಗಳನ್ನೊಮ್ಮೆ ನೋಡಿ ಹೋಳಿಗೆ ಮುರಿದ.

"ನೀವು ಮೈಸೂರು ಮೈನ್ಸ್ ಬ್ಯಾಂಡ್ ಸೆಟ್ಟಿನೋರು ಅನ್ಕೊಂಡೆ ಸಾರ್."