ಗುಳಿಗೆಯಕ್ಕ ಲ್ಯಾಟಿನ್ ಕಲಿತದ್ದು

ಮೆಡಿಕಲ್ ಅಂಗಡಿಯ ಗುಳಿಗೆಯಕ್ಕನಿಗೆ ಯಾವ ಮಾತ್ರೆ ಎಲ್ಲಿದೆಯೆಂದು ಗೊತ್ತಿದ್ದದ್ದು ತಲೆಗಲ್ಲ, ಕೈಗೆ. ಗಿರಾಕಿ ಕೆಮ್ಮಿ ಮುಗಿಸುವುದರೊಳಗೆ ಸೀಸೆ ಕೌಂಟರಿನ ಮೇಲೆ ಬಂದು ಕೂರುತ್ತಿತ್ತು. ಅಷ್ಟರಲ್ಲಿ ಹೊಸ ನಿಯಮವೊಂದು ವಕ್ಕರಿಸಿತು: ಕೌಂಟರಿನಲ್ಲಿ ನಿಲ್ಲುವವರು ಡಾಕ್ಟರ ಚೀಟಿಯ ಭಾಷೆಗಳಾದ ಇಂಗ್ಲಿಷು, ಲ್ಯಾಟಿನ್ನು ಎರಡರ ವ್ಯಾಕರಣದಲ್ಲೂ ಬಾಯಿಪರೀಕ್ಷೆ ಪಾಸಾಗಬೇಕು. ಇಲ್ಲವಾದರೆ ಹಿಂದಿನ ಗೋಡೌನಿನಲ್ಲಿ ರಟ್ಟಿನ ಪೆಟ್ಟಿಗೆ ಕಟ್ಟುವ ಕೆಲಸ. ನಾಲ್ಕು ಜನರ ಮುಖ ನೋಡದಿದ್ದರೆ ಅನ್ನ ಜೀರ್ಣವಾಗದ ಹೆಂಗಸು ಅವಳು.

ಶಾಲೆಯಲ್ಲಿ ಟೀಚರಾಗಿದ್ದ ನಾದಿನಿ ಪಾಠಕ್ಕೆ ಕೂತಳು. ಅಂಗಡಿಯಲ್ಲಿ ಎರಡೇ ಬಗೆಯ ಸರಕು, ಓಡುವುದು ಮತ್ತು ಧೂಳು ತಿನ್ನುವುದು. ಲ್ಯಾಟಿನ್ ಎರಡನೆಯದು. ಇಂಗ್ಲಿಷಾದರೂ ಓಡೀತು ಎಂದುಕೊಂಡರೆ ಅದಕ್ಕೂ ನಿಗದಿಯಾದ ದರವಿಲ್ಲ. ಪುಸ್ತಕ ಹೆಚ್ಚಾದರೆ ಬಾಲಕ್ಕೊಂದು ‘ಸ್’ ಸಾಕು. ಪಾದ ಎರಡಾದರೆ ಫುಟ್ ಹೋಗಿ ಫೀಟ್. ಕುರಿ ಒಂದಿರಲಿ, ಮಂದೆಯಿರಲಿ, ಶೀಪೇ. ‘ಟೇಕ್’ ನಿನ್ನೆಗೆ ‘ಟುಕ್’ ಆಗುವುದು ಯಾರಪ್ಪನ ಅಪ್ಪಣೆಯೋ. ಲ್ಯಾಟಿನ್ನೇ ವಾಸಿ ಅನ್ನಿಸಿತು. ‘ಸುಮೋ’ ಎಂದರೆ ತೆಗೆದುಕೊಳ್ಳುತ್ತೇನೆ, ‘ಸುಮಿಸ್’ ಎಂದರೆ ತೆಗೆದುಕೊಳ್ಳುತ್ತೀಯ. ಆಳು ಯಾರೆಂದು ನಮ್ಮ ಮಾತಿನ ಹಾಗೇ ಬಾಲದಲ್ಲಿ ತಿಳಿಯುತ್ತಿತ್ತು. ಹನಿ ಒಂದಾದರೆ ‘ಗುಟ್ಟಾ’, ಹಲವಾದರೆ ‘ಗುಟ್ಟೈ’.

ಆದರೂ ಹೇಳಿಕೊಟ್ಟದ್ದು ಬೆಳಗಾಗುವಷ್ಟರಲ್ಲಿ ನೀರಲ್ಲಿ ಹೋಮ. ಕೊನೆಗೆ ಅವಳು ತನಗೆ ಗೊತ್ತಿದ್ದ ದಾರಿ ಹಿಡಿದಳು. ಏಕವಚನವನ್ನೆಲ್ಲ ಅಂಗಡಿಯ ಮೇಲಿನ ಡ್ರಾಯರುಗಳಲ್ಲಿ, ಬಹುವಚನವನ್ನು ಅವುಗಳ ಕೆಳಗೆ, ಕ್ರಿಯಾಪದಗಳನ್ನು ಸಿರಪ್ಪಿನ ಅಟ್ಟಣಿಗೆಯಲ್ಲಿ ಮನಸ್ಸಿನಲ್ಲೇ ಜೋಡಿಸಿಟ್ಟಳು. ಅಡುಗೆಮನೆಯಲ್ಲಿ ಕೂತೇ ಕೈಚಾಚಿ ಒಂದೊಂದನ್ನೂ ತೆಗೆಯತೊಡಗಿದಳು.

“ಏನತ್ತಿಗೆ, ಸೊಳ್ಳೆ ಹೊಡೀತಿದೀರಾ?”

“ಸುಮ್ನಿರೇ. ಗುಟ್ಟೈ ಕೆಳಗಿನ ಡ್ರಾಯರಲ್ಲಿದೆ, ತೆಗೀತಿದೀನಿ.”

ನಾದಿನಿ ನಕ್ಕಳು. ಆದರೆ ಉತ್ತರ ಒಂದೂ ತಪ್ಪಲಿಲ್ಲವಾದ್ದರಿಂದ ಆಕ್ಷೇಪಿಸಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ಅದರಾಚೆ ಕನ್ನಡಕದ ಪರೀಕ್ಷಕರು, ಬಾಗಿಲಲ್ಲಿ ಸರದಿ ಕಾಯುವವರು. ಹನಿಯ ಬಹುವಚನ ಕೇಳಿದರು. ಅವಳ ಕೈ ಗಾಳಿಯಲ್ಲಿ ಕೆಳಕ್ಕಿಳಿಯಿತು. ಪರೀಕ್ಷಕರು ಬಾಗಿಲ ಕಡೆ ನೋಡಿದರು, ಅವಳ ಕೈ ನೋಡಿದರು.

“ಯಾರಿಗಮ್ಮ ಸನ್ನೆ ಮಾಡ್ತಿರೋದು? ಕೈ ಮಡಿಚಿಟ್ಕೊಳ್ಳಿ.”

ಮಡಿಚಿಟ್ಟುಕೊಂಡಳು. ಅಂಗಡಿಗೆ ಅಂಗಡಿಯೇ ಮಾಯವಾಯಿತು. ಡ್ರಾಯರಿಲ್ಲ, ಅಟ್ಟಣಿಗೆಯಿಲ್ಲ, ಕುರಿಯೂ ಇಲ್ಲ. ಕೇಳಿದ್ದಕ್ಕೆಲ್ಲ ಮೇಜಿನ ಮರ ನೋಡುತ್ತ ಕೂತಳು. ಕೈಯಾಡಿಸಿದರೆ ನೆನಪಾಗುತ್ತದೆಂದು ಹೇಳೋಣವೆಂದುಕೊಂಡಳು. ಹೇಳಿದರೆ ಯಾರು ನಂಬುತ್ತಾರೆ? ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಿದ್ದರು.

ಹೊರಗೆ ಕಾಯುತ್ತಿದ್ದ ನಾದಿನಿಗೆ ಅವಳ ಮುಖ ನೋಡಿಯೇ ತಿಳಿಯಿತು. ರಸ್ತೆಯ ಅಂಚಿನಲ್ಲಿ ನಿಂತು ಗುಳಿಗೆಯಕ್ಕ ಎರಡೂ ಕೈ ಎತ್ತಿ ಹನಿ, ಪಾದ, ಕುರಿ, ಟೇಕ್, ಟುಕ್, ಸುಮೋ, ಸುಮಿಸ್ ಎಲ್ಲವನ್ನೂ ಒಂದು ತಪ್ಪಿಲ್ಲದೆ ಒಪ್ಪಿಸಿದಳು. ದಾರಿಹೋಕರು ಬಳಸಿಕೊಂಡು ನಡೆದರು.

“ಹೋಗಿ ಹೇಳ್ಲಾ?”

“ಬೇಡ ಅತ್ತಿಗೆ. ಫೇಲ್ ಅಂತ ಬರ್ಕೊಂಡಾಗಿರುತ್ತೆ.”

ಸೋಮವಾರ ಅಂಗಡಿಯ ಯಜಮಾನರು ತಾವೇ ಗೋಡೌನಿನ ದೀಪ ಹಾಕಿಕೊಟ್ಟರು.