ಅಮಾಸಿ ದಿನದ ರಕ್ತ

ಬಮ್ಮಿಗಟ್ಟಿಯ ಆಶಾ ಕಾರ್ಯಕರ್ತೆ ಗೌರಕ್ಕ ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದರೆ ಕೂಸೂ ಅಳುವುದಿಲ್ಲ ಎಂಬ ಮಾತು ಊರಲ್ಲಿತ್ತು. ಆ ಹೆಸರನ್ನು ಅವಳು ಒಡವೆಯಂತೆ ಜೋಪಾನ ಮಾಡಿದ್ದಳು.

ಕಳೆದ ಮಳೆಗಾಲ ಮಂಗಳೂರು, ಗೋವಾ, ಮುಂಬೈಗೆ ಗೌಂಡಿ ಕೆಲಸಕ್ಕೆ ಹೋಗಿ ಮರಳಿದ ನಾಲ್ವರಿಗೆ ಚಳಿಜ್ವರ ಬಂತು. ಸಂಜೆ ಗೌರಕ್ಕ ಪರೀಕ್ಷೆಯ ಕಿಟ್‌ನಲ್ಲಿ ನೋಡಿದರೆ ನಾಲ್ವರಿಗೂ ಮಲೇರಿಯಾ. ಗುಳಿಗೆ, ರಕ್ತ ಹಿಡಿಯುವ ಕಾಗದ ಎರಡೂ ಮರುದಿನ ಆಸ್ಪತ್ರೆಯ ಜೀಪಿನಲ್ಲಿ ಬರಲಿದ್ದವು. ಗುಳಿಗೆ ನುಂಗುವ ಮೊದಲು ಪ್ರತಿಯೊಬ್ಬರ ರಕ್ತದ ಹನಿಯನ್ನು ದಪ್ಪ ಕಾಗದದ ಮೇಲೆ ಒಣಗಿಸಿ ಕೊಡಬೇಕೆಂದು ಮಲೇರಿಯಾ ಸಂಶೋಧಕಿ ಶೈಲಶ್ರೀ ಮೊದಲೇ ಹೇಳಿದ್ದರು. ಮರುದಿನ ಅಮಾವಾಸ್ಯೆ.

“ಅಮಾಸಿ ದಿನ ಮನಿ ಮಂದಿ ರಕ್ತ ಹೊರಗ ಕೊಡೂದಿಲ್ಲವಾ. ಗುಳಿಗಿ ಕೊಟ್ಟು ಹೋಗು,” ಎಂದಳು ಮೈಲಾರವ್ವ, ಮಗನ ಕೈಯನ್ನು ಕೌದಿಯೊಳಗೆ ತುರುಕಿ. ಇನ್ನೆರಡು ಮನೆಗಳಲ್ಲೂ ಅದೇ ಮಾತು. ಜ್ವರಕ್ಕೆ ತಡ ಮಾಡುವಂತಿರಲಿಲ್ಲ, ಗೌರಕ್ಕ ಗುಳಿಗೆ ಕೊಟ್ಟಳು. ನಾಲ್ವರಲ್ಲಿ ಬೆರಳು ಚಾಚಿದವನು ಮಡಿವಾಳೆಪ್ಪ ಒಬ್ಬನೇ. ಮೂರು ಕಾಗದ ಖಾಲಿ ಕಳಿಸಿದರೆ ಗಳಿಸಿದ ಹೆಸರಿಗೆ ಕುಂದು ಎನಿಸಿತು. ಅವನ ಬೆರಳನ್ನೇ ಹಿಂಡಿ ನಾಲ್ಕನ್ನೂ ತುಂಬಿಸಿದಳು.

“ಏ ಅಕ್ಕಾ, ನನ್ನ ರಕ್ತದಾಗ ಊರಿಗೆಲ್ಲಾ ಸಾರು ಮಾಡಿ ಬಡಸ್ತೀ ಏನ?”

“ಬಾಯಿ ಮುಚ್ಚಲೇ.”

ಚಳಿಗಾಲದಲ್ಲಿ ಶೈಲಶ್ರೀ ಮುಖ ಅರಳಿಸಿಕೊಂಡು ಬಂದರು. ಪಂಚಾಯ್ತಿ ಕಟ್ಟೆಯ ಮೇಲೆ ಜನ ನೆರೆದರು, ಮಡಿವಾಳೆಪ್ಪನೂ ಇದ್ದ.

“ಮಲೇರಿಯಾದ ಜೀವಿ ಮೈಮ್ಯಾಲ ಪ್ರೋಟೀನಿನ ಅಂಗಿ ಹಾಕ್ಕೊಂಡಿರ್ತದ. ನಮ್ಮ ದೇಹ ಗುರ್ತು ಹಿಡಿಯೂದು ಆ ಅಂಗಿನ್ನ. ಗುರ್ತು ಸಿಕ್ಕವು ಸಾಯ್ತಾವ, ಬ್ಯಾರೆ ಅಂಗಿಯವು ಉಳೀತಾವ. ಹಿಂಗಾಗಿ ಊರಿಂದ ಊರಿಗೆ, ಒಬ್ಬರಿಂದ ಒಬ್ಬರಿಗೆ ಅಂಗಿ ಬ್ಯಾರೆ. ಲಸಿಕಿ ಮಾಡೂದು ಅದಕ್ಕ ಕಷ್ಟ. ಆದರ ನಿಮ್ಮ ನಾಲ್ಕು ಮಂದಿ ಬಂದದ್ದು ಬ್ಯಾರೆ ಬ್ಯಾರೆ ಊರಿಂದ, ಅಂಗಿ ಮಾತ್ರ ಒಂದ, ಗುಂಡಿ ಸಹಿತ! ವಿಜ್ಞಾನಿಗಳ ದೊಡ್ಡ ಸಭಾದಾಗ ಇದನ್ನ ಹೇಳಬೇಕಂತ ಮಾಡೀನಿ. ಗೌರಕ್ಕಾರ, ನಿಮ್ಮ ಹೆಸರೂ ಹೇಳ್ತೀನ್ರಿ.”

ಮಡಿವಾಳೆಪ್ಪ ಕೆಮ್ಮಿದ. ಗೌರಕ್ಕನ ಕಿವಿ ಬಿಸಿಯಾದವು. ಸುಮ್ಮನಿದ್ದರೆ ಸುಳ್ಳು ಸಭೆಗೆ ಹೋಗುತ್ತಿತ್ತು. ಬಾಯಿ ಬಿಟ್ಟರೆ ಹೆಸರು ಇಲ್ಲೇ, ಈ ಕಟ್ಟೆಯ ಮೇಲೆ, ಮಣ್ಣಾಗುತ್ತಿತ್ತು.

“ಹೇಳಬ್ಯಾಡ್ರಿ ಮೇಡಂ. ನಾಲ್ಕೂ ಕಾಗದದಾಗ ಇರೂದು ಈ ಮಡಿವಾಳೆಪ್ಪನ ರಕ್ತರಿ.”

ಗೌರಕ್ಕ ಎದ್ದು ಸೆರಗು ಬಿಗಿದಳು. “ಇವತ್ತ ಅಮಾಸಿ ಅಲ್ಲ. ಆ ಮೂರೂ ಮಂದೀದು ಈಗ ತರ್ತೀನ್ರಿ.”

“ಅವರ ರಕ್ತದಾಗ ಈಗ ಆ ಜೀವಿ ಉಳದಿಲ್ಲ ಗೌರಕ್ಕಾರ,” ಎಂದರು ಶೈಲಶ್ರೀ, ಬಯ್ಯದೆ. “ನೀವು ಕೊಟ್ಟ ಗುಳಿಗಿ ಚಲೋ ಕೆಲಸ ಮಾಡ್ಯಾವ.”

ಮರುದಿನ ಮೈಲಾರವ್ವ ಜ್ವರದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. “ಚುಚ್ಚವಾ, ನಿನ್ನ ಕೈ ಹಗುರ.”

ಗೌರಕ್ಕ ಚುಚ್ಚಿದಳು. ಕೂಸು ಅಳಲಿಲ್ಲ. ಚುಚ್ಚಿದವಳು ಮಾತ್ರ ತಲೆ ಎತ್ತಲಿಲ್ಲ.