ಗೋಡೆಯ ಮೇಲಿನ ಕೆಂಪು ಗೆರೆ

ನದಿದಂಡೆಯ ಬೀದಿಯಲ್ಲಿ ಅವಳನ್ನು ಎಲ್ಲರೂ ಕೆಂಪಕ್ಕ ಎಂದೇ ಕರೆಯುತ್ತಿದ್ದರು. ಉಗುರಿನ ಸಂದಿಯಲ್ಲಿ ಸದಾ ಕೆಂಪು ಬಣ್ಣ ಕೂತಿರುತ್ತಿದ್ದುದರಿಂದ ಬಂದ ಹೆಸರು ಅದು. ಮೂಗಿನ ತುದಿಯಲ್ಲೇ ಇರುತ್ತಿದ್ದ ಕೋಪದಿಂದ ಬಂದದ್ದು ಎನ್ನುವವರೂ ಇದ್ದರು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವಳ ಕಸುಬು, ಅಪ್ಪನಿಂದ ಕಲಿತದ್ದು. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಹಲ್ಲಿನ ಡಾಕ್ಟರು, ಹೀಗೆ ಪೇಟೆಯ ಅರ್ಧಕ್ಕರ್ಧ ಅಕ್ಷರಗಳು ಅವಳ ಕೈಯವು.

ಮಳೆಗಾಲಕ್ಕೆ ಮುಂಚೆ ಮಾತ್ರ ಸರ್ಕಾರದ ನೆರೆ ಕಚೇರಿಯ ಕೆಲಸ ಬರುತ್ತಿತ್ತು. ಬೀದಿಗಿಂತ ಮೇಲ್ಹೊಳೆಯಲ್ಲಿ, ನೀರು ಗಂಟೆ ಹೊತ್ತು ಮೊದಲೇ ಏರುವ ಸೇತುವೆಯ ಕಂಬದ ಮೇಲೆ ನೀರಿನ ಎತ್ತರ ತೋರಿಸುವ ಅಳತೆಪಟ್ಟಿಯ ಅಂಕಿಗಳಿಗೆ ಹೊಸ ಬಣ್ಣ ಬಳಿಯಬೇಕು. ಆಮೇಲೆ ದಂಡೆಯ ಬೀದಿಯ ಮನೆಮನೆಗೆ ಹೋಗಿ, ಹಿಂದಿನ ದೊಡ್ಡ ನೆರೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೋ ಅಲ್ಲಿ ಗೋಡೆಗೆ ಒಂದು ಕೆಂಪು ಗೆರೆ ಎಳೆಯಬೇಕು. ಗೆರೆ ಮಾತ್ರ. ಅಕ್ಷರ ಕೂಡದೆಂದು ಕಟ್ಟಪ್ಪಣೆ. ಗೋಡೆಯ ಮೇಲೆ ನೆರೆ ಎಂಬ ಪದ ಕಂಡರೆ ಬಾಡಿಗೆಗೆ ಯಾರೂ ಬರುವುದಿಲ್ಲ ಎಂದು ಮನೆ ಮಾಲೀಕರೆಲ್ಲ ಸೇರಿ ಕಚೇರಿಗೆ ಅರ್ಜಿ ಕೊಟ್ಟಿದ್ದರು. ಮುಂದೆ ನಿಂತು ಸಹಿ ಹಾಕಿಸಿದವನು ಅವಳ ಅಣ್ಣನೇ.

ಅಪ್ಪನ ಮನೆ ಅದೇ ಬೀದಿಯಲ್ಲಿತ್ತು. ಪಾಲಾದಾಗ ಮಹಡಿ ಅವಳಿಗೆ ಬಂತು, ಕೆಳಮನೆ ಅಣ್ಣನಿಗೆ. ಅಣ್ಣ ಎತ್ತರದ ಬಡಾವಣೆಯಲ್ಲಿ ಬೆಚ್ಚಗಿದ್ದು, ಕೆಳಮನೆಯನ್ನು ಬಾಡಿಗೆಗೆ ಕೊಡುತ್ತಿದ್ದ. ಒಂದು ಬೇಸಿಗೆಯಲ್ಲಿ ಅವನು ಒಳಗೂ ಹೊರಗೂ ಸುಣ್ಣ ಹೊಡೆಸಿದ. ಕೆಂಪಕ್ಕ ಕೆಲಸ ಮುಗಿಸಿ ಬಂದು ಇಣುಕಿದರೆ, ಮುಂದಿನ ಕೋಣೆಯಲ್ಲಿ ಅಪ್ಪ ಎಳೆದಿದ್ದ ಗೆರೆಯೇ ಕಾಣಲಿಲ್ಲ.

"ಗೆರೆ ಎಲ್ಲಿ?"

"ಯಾವ ಗೆರೆ?"

"ಅಣ್ಣಾ, ನನ್ನ ಕಣ್ಣಿಗೇ ಮಣ್ಣೆರಚಬೇಡ. ಎದೆ ಮಟ್ಟಕ್ಕೆ ಇತ್ತಲ್ಲ, ಆ ಗೆರೆ."

"ಮನೆ ನಂದು, ಗೋಡೆ ನಂದು. ನೋಡೋಕೆ ಬಂದವರೆಲ್ಲ ಅದೇನು ಅಂತ ಕೇಳ್ತಾರೆ. ಹೇಳಿದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾರೆ."

"ಹೋಗ್ಲಿ! ಹೋದ್ರೆ ಬದುಕ್ಕೊಳ್ತಾರೆ."

"ಬಾಯಿ ಮುಚ್ಕೊಂಡು ಮೇಲೆ ಇರು. ಬರೋ ಬಾಡಿಗೆಯವರ ತಲೆ ಕೆಡಿಸಿದ್ರೆ ನಿನಗೂ ನನಗೂ ಋಣ ಹರೀತು ಅಂತ ತಿಳ್ಕೋ."

ಅವಳ ಸಿಟ್ಟು ನೆತ್ತಿಗೇರಿತು. ಡಬ್ಬಿ ತಂದು, ಇನ್ನೂ ಆರದ ಸುಣ್ಣದ ಮೇಲೆ ಅಣ್ಣನ ಎದುರಿಗೇ ಉದ್ದಕ್ಕೂ ಗೆರೆ ಎಳೆದಳು. "ಹರೀಲಿ ಬಿಡು," ಎಂದು ಕುಂಚ ಕೊಡವಿ ಹೊರಗಿನ ಮೆಟ್ಟಿಲು ಹತ್ತಿಹೋದಳು. ಅಂದಿನಿಂದ ಕೆಳಮನೆಯ ಹೊಸ್ತಿಲು ತುಳಿಯಲಿಲ್ಲ.

ಕೆಳಮನೆಗೆ ಬಾಡಿಗೆಗೆ ಬಂದವನು ಫೋಟೋಗಳಿಗೆ ಕಟ್ಟು ಹಾಕುವವನು. ಒಂಟಿ ಮನುಷ್ಯ, ಮೆಲುಮಾತಿನವನು. ಮುಂದಿನ ಕೋಣೆಯೇ ಅವನ ಅಂಗಡಿ. ಊರಿನವರ ಮದುವೆ, ತೊಟ್ಟಿಲ ಮಕ್ಕಳು, ತೀರಿಹೋದ ಹಿರಿಯರು, ಎಲ್ಲರ ಮುಖಗಳೂ ಅವನ ಗೋಡೆ ಸೇರಿದವು. ದಾರಿಯಲ್ಲಿ ಎದುರಾದರೆ ಕೆಂಪಕ್ಕ ತಲೆಯಾಡಿಸಿ ಹೋಗುತ್ತಿದ್ದಳು. ಗೆರೆ ಅಷ್ಟು ಢಾಳಾಗಿ ಕಣ್ಣಿಗೆ ಹೊಡೆಯುತ್ತಿದೆಯಲ್ಲ, ಇನ್ನು ನಾನೇನು ಹೇಳುವುದು ಎಂದುಕೊಂಡಿದ್ದಳು. ಅಣ್ಣನ ಮೇಲಿನ ಮುನಿಸು ಅವಳನ್ನು ಆ ಬಾಗಿಲ ಹತ್ತಿರವೂ ಸುಳಿಯಗೊಡಲಿಲ್ಲ.

ಆ ವರ್ಷದ ಮಳೆಗೆ ನದಿ ಕೆಂಪಾಗಿ, ಮರದ ಬೊಡ್ಡೆಗಳನ್ನು ಹೊತ್ತು ಬಂತು. ಒಂದು ಮಧ್ಯಾಹ್ನ ಮೈಕು ಕಟ್ಟಿದ ಆಟೋ ಬೀದಿಗಳಲ್ಲಿ ಸುತ್ತಿತು. "ಸೇತುವೆಯಲ್ಲಿ ನೀರು ಎಂಟು ಮೀಟರ್ ದಾಟಿದೆ. ತಗ್ಗಿನಲ್ಲಿರುವವರು ಎಚ್ಚರಿಕೆಯಿಂದ ಇರಬೇಕು." ಕೆಂಪಕ್ಕ ಆಗ ಬಸ್ ನಿಲ್ದಾಣದ ಹತ್ತಿರ ಏಣಿಯ ಮೇಲಿದ್ದಳು. ಎಂಟು ಎಂದು ಕಿವಿಗೆ ಬಿದ್ದದ್ದೇ ತಡ, ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದಳು. ಬೀದಿಯ ಬಾಯಿಗೆ ಪೊಲೀಸರು ಹಗ್ಗ ಕಟ್ಟಿದ್ದರು. ಅದರಾಚೆ ನೀರು ಜಗಲಿಗಳನ್ನು ನುಂಗುತ್ತಿತ್ತು. ಗಂಟಲು ಹರಿಯುವಂತೆ ಕೂಗಿದಳು. ನೀರಿನ ಸದ್ದಿನಲ್ಲಿ ಆ ಕೂಗು ಅವಳಿಗೇ ಕೇಳಲಿಲ್ಲ.

ನೀರು ಇಳಿದ ಮೇಲೆ ಕೆಸರು ತುಳಿಯುತ್ತ ಮನೆಗೆ ಬಂದರೆ ಮಹಡಿಯ ಬೀಗ ಒಡೆದಿತ್ತು. ಒಳಗೆ ಅವಳ ಹಾಸಿಗೆಯ ಮೇಲೆ, ನೆಲದ ಮೇಲೆ, ಬಟ್ಟೆ ಹಗ್ಗದ ಮೇಲೆ, ಎಲ್ಲೆಲ್ಲೂ ಒದ್ದೆ ಫೋಟೋಗಳು. ನಡುವೆ ಕಟ್ಟಿನವನು ಕುಕ್ಕರುಗಾಲಲ್ಲಿ ಕೂತು, ಗಾಜಿಗಂಟಿದ ಒಂದು ಮದುವಣಗಿತ್ತಿಯ ಮುಖವನ್ನು ಬಿಡಿಸಲು ಹೆಣಗುತ್ತಿದ್ದ. ಮುಖ ಗಾಜಿನ ಮೇಲೇ ಉಳಿದು, ಕೈಗೆ ಬಿಳಿ ಕಾಗದ ಬಂತು.

"ಅಷ್ಟು ಹೊತ್ತು ಏನ್ಮಾಡ್ತಿದ್ರಿ? ಮೈಕಲ್ಲಿ ಕೂಗಿದ್ದು ಕೇಳಿಸ್ಲಿಲ್ವಾ?" ಎಂದು ಅವಳೇ ಮೊದಲು ರೇಗಿದಳು.

"ಕೇಳಿಸ್ತು. ಸೇತುವೆಯಲ್ಲಿ ಎಂಟು ಅಂದ್ರು. ಸೇತುವೆಯಲ್ಲಿ ಎಂಟಾದ್ರೆ ನನ್ನ ಕೋಣೇಲಿ ಎಷ್ಟು ಅಂತ ಯಾರಾದ್ರೂ ಹೇಳಿದ್ರಾ? ನೆಲ ಒದ್ದೆಯಾಗುತ್ತೆ ಅಂದ್ಕೊಂಡು ಎಲ್ಲಾ ಮೇಜಿನ ಮೇಲಿಟ್ಟೆ. ನೋಡ್ತಾ ನೋಡ್ತಾ ಮೇಜೇ ತೇಲ್ತು."

"ಗೋಡೆ ಮೇಲೆ ಗೆರೆ ಇರಲಿಲ್ವಾ? ಕಣ್ಣು ಕಾಣಲ್ವಾ?"

"ಯಾವುದು, ಆ ಕೆಂಪು ಗೆರೆನಾ?" ಅವನು ಎದ್ದು ನಿಂತ. ಆ ಮೆದು ಮನುಷ್ಯನ ದನಿ ಏರಿತು. "ಬಣ್ಣದವರು ಚೆಂದಕ್ಕೆ ಅಂಚು ಎಳೆದಿದ್ದಾರೆ ಅಂದ್ರು ನಿಮ್ಮಣ್ಣ. ನೇರವಾಗಿದೆಯಲ್ಲ ಅಂತ ಅದರ ಉದ್ದಕ್ಕೂ ಮೊಳೆ ಹೊಡೆದು ಫೋಟೋ ತೂಗುಹಾಕಿದೆ. ಊರೋರ ಬೋರ್ಡೆಲ್ಲ ಬರೀತೀರಿ, ತಾಯಿ. ಅದರ ಪಕ್ಕ ಎರಡಕ್ಷರ ಬರೆಯೋಕೆ ನಿಮ್ಮ ಕೈಗೇನಾಗಿತ್ತು? ಬರೆಯೋದು ಬೇಡ, ಮೆಟ್ಟಿಲು ಇಳಿದು ಬಂದು ಒಂದು ಮಾತು ಹೇಳಬಹುದಿತ್ತಲ್ಲ!"

ಕೆಂಪಕ್ಕ ಬಾಗಿ, ಕಾಲ ಬಳಿ ಬಿದ್ದಿದ್ದ ಒಂದು ಫೋಟೋವನ್ನು ಎತ್ತಿ ಹಗ್ಗಕ್ಕೆ ಹಾಕಿದಳು.

ಕೆಳಗೆ ಆಗಲೇ ಜನ ಸೇರಿದ್ದರು. ನಮ್ಮಪ್ಪನ ಫೋಟೋ ಎಲ್ಲಿ, ನಮ್ಮ ಪಾಪುವಿನದೆಲ್ಲಿ ಎಂದು ಕಟ್ಟಿನವನ ಮೇಲೆಯೇ ಹರಿಹಾಯುತ್ತಿದ್ದರು. ಒಬ್ಬ ಮುದುಕಿಗೆ ಗಂಡನದೆಂದು ಇದ್ದದ್ದು ಅದೊಂದೇ ಫೋಟೋ. ಆಕೆ ಜಗಳವಾಡಲಿಲ್ಲ, ಕೆಸರು ಮೆತ್ತಿದ ಖಾಲಿ ಕಟ್ಟನ್ನು ಸೆರಗಿನಿಂದ ಒರೆಸುತ್ತ ಕೂತಳು. ಅಷ್ಟರಲ್ಲಿ ಅಣ್ಣ ಬಂದ, ಪ್ಯಾಂಟು ಮಡಚಿಕೊಂಡು, ಗೋಡೆ ಬಿರುಕು ಬಿಟ್ಟಿದೆಯೇ ನೋಡಲು.

"ಅಂಚಾ ಅದು? ಚೆಂದಕ್ಕೆ ಎಳೆದಿದ್ದಾ?" ಕೆಂಪಕ್ಕ ಮೆಟ್ಟಿಲ ಮೇಲಿಂದಲೇ ಕೂಗಿದಳು.

"ನದೀನೇನು ನಾನು ಕರ್ಕೊಂಡು ಬಂದೆನಾ?"

"ಗೊತ್ತಿದ್ದೂ ಸುಳ್ಳು ಹೇಳಿದೆ. ಒಂದು ಜೀವ ಹೋಗಿದ್ರೆ ಯಾವ ಸುಣ್ಣ ಬಳೀತಿದ್ದೆ?"

"ನೀನೇನು ಕಡಿಮೆನಾ? ಅವನ ತಲೆ ಮೇಲೇ ಇದ್ದೆಯಲ್ಲ. ಯಾಕೆ ಹೇಳಲಿಲ್ಲ?"

ಕಟ್ಟಿನವನು ಕೇಳಿದ್ದೂ ಅದನ್ನೇ. ಅದಕ್ಕೇ ಮೈಯೆಲ್ಲ ಉರಿಯಿತು. ಅಣ್ಣ ಹೋದಮೇಲೂ ಉರಿ ಆರಲಿಲ್ಲ.

ಮರುದಿನ ನೆರೆ ಕಚೇರಿಗೆ ಹೋಗಿ ಅಲ್ಲಿನ ಎಂಜಿನಿಯರರ ಮೇಜಿನ ಎದುರು ನಿಂತಳು. ಅವರೂ ಹೊಳೆಯ ಹತ್ತಿರವೇ ನಿದ್ದೆಗೆಟ್ಟವರು, ಕಣ್ಣು ಕೆಂಡವಾಗಿತ್ತು.

"ಸಾರ್, ಗೆರೆ ಪಕ್ಕ ಬರೀಬೇಕು. ಸೇತುವೆಯಲ್ಲಿ ಇಷ್ಟಾದ್ರೆ ಈ ಮನೇಲಿ ಇಷ್ಟು ಅಂತ. ಲೆಕ್ಕ ನಿಮ್ಮ ಹತ್ರ ಇದೆಯಲ್ಲ."

"ಇದೆ ಕೆಂಪಕ್ಕ. ಬರೆಸಬೇಕು ಅಂತ ಮೂರು ಸಲ ಮೇಲಕ್ಕೆ ಕಳಿಸಿದೀನಿ. ಮಾಲೀಕರ ಅರ್ಜಿ ತೋರಿಸಿ ಮೂರು ಸಲವೂ ವಾಪಸ್ ಮಾಡಿದ್ರು. ಸರ್ಕಾರಿ ಬಣ್ಣದಲ್ಲಿ ಬರೆಸೋಕೆ ನನ್ನ ಕೈಲಾಗಲ್ಲ."

"ಬಣ್ಣ ನಂದು. ನೀವು ಲೆಕ್ಕ ಕೊಡಿ."

ಅವರು ಲೆಕ್ಕದ ಕಡತ ತೆರೆದರು. ಆಮೇಲೆ ಕುರ್ಚಿ ಎಳೆದು ಕೂರಿಸಿ, ಮನೆಮನೆಯ ಎತ್ತರ ಹೇಳಿಕೊಟ್ಟರು.

ಅವಳು ಅಣ್ಣನ ಗೋಡೆಯಿಂದಲೇ ಶುರು ಮಾಡಿದಳು. ಅಂಗಡಿ ಬೋರ್ಡಿಗೆ ಬರೆಯುವಂಥ ದಪ್ಪ ಅಕ್ಷರ: 'ಸೇತುವೆಯಲ್ಲಿ ಏಳು ಎಂದರೆ ಇಲ್ಲಿ ಮೊಣಕಾಲು. ಎಂಟು ಎಂದರೆ ಎದೆ. ಏಳು ಎಂದು ಕೇಳಿದಾಗಲೇ ಹೊರಡಿ.' ಅದೇ ಬೀದಿಯಲ್ಲಿ ಮನೆ ಬಾಡಿಗೆಗೆ ಕೊಟ್ಟಿದ್ದ ಔಷಧಿ ಅಂಗಡಿಯವನು ಬೋರ್ಡಿನ ಕೆಲಸ ಇನ್ನು ನಿನಗಿಲ್ಲ ಎಂದು ಕೂಗಾಡಿದ. "ಬೇಡ ಬಿಡಿ, ನಿಮ್ಮ ಬೋರ್ಡು ಓದಿ ಯಾರೂ ಬದುಕಲ್ಲ," ಎಂದು ಕುಂಚ ಅದ್ದಿದಳು. ಕೆಲವರು ರಾತ್ರೋರಾತ್ರಿ ಸುಣ್ಣ ಬಳಿದರು. ಅವಳು ಮತ್ತೆ ಬರೆದಳು. ಕಚೇರಿಯ ಕೆಲಸ ಅವಳಿಂದ ತಪ್ಪಿಹೋಯಿತು. ಅಣ್ಣನ ಕೆಳಮನೆ ಖಾಲಿ ಬಿತ್ತು. ಅವನು ಅವಳ ಕಡೆ ಮುಖ ಹಾಕುವುದನ್ನೇ ಬಿಟ್ಟ.

ಮುಂದಿನ ಮಳೆಗಾಲದಲ್ಲಿ ಆಟೋ ಮತ್ತೆ ಬಂತು. ಮೈಕಿನಲ್ಲಿ ಏಳು ಎಂದದ್ದೇ ತಡ, ಜನ ಹೊರಗೆ ಬಂದು ಗೋಡೆ ಓದಿ, ಮಕ್ಕಳನ್ನೂ ಸಾಮಾನನ್ನೂ ಎತ್ತಿಕೊಂಡು ಏರು ಬೀದಿಗೆ ನಡೆದರು. ನೀರು ಮೊಣಕಾಲಿಗೆ ಬಂದು ಹಿಂದಿರುಗಿತು. ಕೆಂಪಕ್ಕನಿಗೆ ಯಾರೂ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಅವಳಿಗೂ ಕೇಳಬೇಕೆನಿಸಲಿಲ್ಲ.

ಕಟ್ಟಿನವನು ಆಗಲೇ ಏರು ಬೀದಿಯಲ್ಲಿ ಚಿಕ್ಕದೊಂದು ಕೋಣೆ ಹಿಡಿದಿದ್ದ. ಒಂದು ಬೆಳಿಗ್ಗೆ ಬೋರ್ಡು ಬರೆಸಲು ಅವಳನ್ನೇ ಕರೆದ. ಅವಳು ಹಲಗೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದಾಗ ಹಿಂದೆ ನಿಂತು ಹೇಳಿದ:

"ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ, ಕೆಂಪಕ್ಕ."

"ಇರಲಿ. ನನಗೂ ನನ್ನ ಮೇಲೆ ಇದೆ," ಎಂದಳು ಅವಳು. "ಈಗ ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ."